ತೂಕದ ಕಲ್ಲು ಹೊತ್ತ ಕಾರಿನ ಮೈಲೇಜ್ ಲೆಕ್ಕ

ನನ್ನ ಕಾರಿನ ಡಿಕ್ಕಿಯಲ್ಲಿ ಇಪ್ಪತ್ತು ಕಿಲೋದ ಹತ್ತು ಕಬ್ಬಿಣದ ತೂಕದ ಕಲ್ಲುಗಳಿರುತ್ತವೆ. ಕಾಟಾ ದುರಸ್ತಿ ನನ್ನ ಕಸುಬು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಿಂದ ಹಿಡಿದು ಗದಗ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ದಲಾಲಿ ಅಂಗಡಿಗಳವರೆಗೆ ವಾರಕ್ಕೆ ನಾಲ್ಕು ದಿನ ಓಡಾಟ ಇದ್ದೇ ಇದೆ. ಕಾಟಾ ಸರಿಯಾಗಿ ತೂಗುತ್ತಿದೆಯೇ ಎಂದು ಹೇಳುವ ಮೊದಲು ನನ್ನ ಕೈಯಲ್ಲಿರುವ ಕಲ್ಲು ಸರಿಯಾಗಿರಬೇಕು, ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಹೀಗಾಗಿ ಯಾರಾದರೂ ಒಂದು ಅಂಕಿ ಹೇಳಿದರೆ, ಅದನ್ನು ಯಾವುದರಿಂದ ಅಳೆದಿರಿ ಎಂಬ ಪ್ರಶ್ನೆ ನನ್ನ ಬಾಯಿಗೆ ತಾನಾಗಿ ಬರುತ್ತದೆ.

2023ರಲ್ಲಿ ಈ ಕಾರು ಕೊಂಡೆ. ನಾಲ್ಕು ಮೀಟರ್‌ಗಿಂತ ಚಿಕ್ಕ ಎಸ್‌ಯುವಿ, 1.2 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರು. ಕಂಪನಿ ಹೇಳಿದ್ದು ಲೀಟರಿಗೆ ಸುಮಾರು 18 ಕಿ.ಮೀ. ಮೊದಲ ಆರು ತಿಂಗಳು ನನಗೆ ಹೆದ್ದಾರಿಯಲ್ಲಿ ಸಿಕ್ಕಿದ್ದು ಹದಿನಾಲ್ಕರ ಆಸುಪಾಸು. ಸರ್ವಿಸ್‌ಗೆ ಬಿಟ್ಟಾಗ ಕೇಳಿದರೆ, ‘ನೀವು ಓಡಿಸುವ ರೀತಿ ಸರಿಯಿಲ್ಲ ಸರ್’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮಾರುಕಟ್ಟೆಯ ಗೆಳೆಯರು ಬಂಕಿನವರನ್ನು ಬೈದರು. ಎರಡೂ ಅಳತೆಯಿಲ್ಲದ ಮಾತು ಎಂದು ನನಗೆ ಅನ್ನಿಸಿತು.

ಬಂಕಿನ ಸಂಗತಿ ನನ್ನ ಕಸುಬಿಗೆ ಹತ್ತಿರದ್ದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಪ್ರತಿ ಬಂಕಿನಲ್ಲೂ ಮುದ್ರೆ ಹಾಕಿದ ಐದು ಲೀಟರಿನ ಅಳತೆಪಾತ್ರೆ ಇರುತ್ತದೆ. ಗ್ರಾಹಕರು ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರ್ ಆಚೀಚೆ, ಅಂದರೆ ಶೇ 0.5, ಅಷ್ಟು ವ್ಯತ್ಯಾಸಕ್ಕೆ ಮಾತ್ರ ಅವಕಾಶ. ನಾನು ಪೆಟ್ರೋಲ್ ಹಾಕಿಸುವ ಬಂಕಿನಲ್ಲಿ ಹಿಡಿಸಿ ನೋಡಿದೆ, ಪಾತ್ರೆಯ ಕತ್ತಿನ ಗೆರೆಗೆ ಸರಿಯಾಗಿ ನಿಂತಿತು. ಹದಿನೆಂಟು ಹದಿನಾಲ್ಕಾಗಲು ಶೇ 20ಕ್ಕೂ ಹೆಚ್ಚು ಕೊರತೆ ಬೇಕು. ಅದು ಬಂಕಿನಿಂದ ಬಂದದ್ದಲ್ಲ.

ಆ ಹದಿನೆಂಟು ಎಲ್ಲಿಂದ ಬಂತು ಎಂದು ಹುಡುಕಿದೆ. ಪುಣೆಯ ಎಆರ್‌ಎಐ ಎಂಬ ವಾಹನ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸುವ ಆ ಅಂಕಿ ರಸ್ತೆಯಲ್ಲಿ ಸಿಕ್ಕಿದ್ದಲ್ಲ. ಪರೀಕ್ಷಾ ಕೊಠಡಿಯಲ್ಲಿ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಇಪ್ಪತ್ತು ನಿಮಿಷಕ್ಕೂ ಕಡಿಮೆ ಹೊತ್ತು, ಗೊತ್ತುಮಾಡಿದ ವೇಗಗಳಲ್ಲಿ ಓಡಿಸಿ ತೆಗೆದದ್ದು. ಆ ಓಟದ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಅದೂ ಕೊನೆಗೆ ಸ್ವಲ್ಪ ಹೊತ್ತು ಮಾತ್ರ. ಎ.ಸಿ. ಹಾಕಿರುವುದಿಲ್ಲ. ಎಲ್ಲ ಕಾರುಗಳನ್ನೂ ಒಂದೇ ಕಾಟಾದ ಮೇಲೆ ನಿಲ್ಲಿಸಿ ಹೋಲಿಸುವುದಕ್ಕೆ ಅದು ಒಳ್ಳೆಯ ಪದ್ಧತಿಯೇ. ಆದರೆ ನಾನು ಕೊಟ್ಟ ಪೆಟ್ರೋಲಿನ ಹಣಕ್ಕೂ ಆ ಅಂಕಿಗೂ ನೇರ ಸಂಬಂಧವಿಲ್ಲ. ನನ್ನ ದಾರಿಯನ್ನು ನಾನೇ ಅಳೆಯಬೇಕಾಯಿತು.

2025ರ ಜನವರಿ, ಫೆಬ್ರುವರಿಯಲ್ಲಿ ಅಳೆದೆ. ಆ ತಿಂಗಳುಗಳಲ್ಲಿ ನಮ್ಮ ಕಡೆ ಬೆಳಗಿನ ಗಾಳಿ ಶಾಂತವಾಗಿರುತ್ತದೆ. ಹುಬ್ಬಳ್ಳಿಯ ಗಬ್ಬೂರಿನ ಆಚೆ ರಾಷ್ಟ್ರೀಯ ಹೆದ್ದಾರಿ 48ರ ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ವರೂರು, ತಡಸ ಕ್ರಾಸ್, ಶಿಗ್ಗಾಂವಿ, ಬಂಕಾಪುರ, ಹಾವೇರಿ, ಮೋಟೆಬೆನ್ನೂರು ದಾಟಿ ರಾಣೆಬೆನ್ನೂರಿಗೆ ಹೋಗಿ, ಮತ್ತೆ ಅದೇ ಬಂಕಿಗೆ ಬಂದು ತುಂಬಿಸುವುದು. ಹೋಗಿ ಬರುವುದು ಕಡ್ಡಾಯ. ಹಾವೇರಿ ಹುಬ್ಬಳ್ಳಿಗಿಂತ ತಗ್ಗಿನಲ್ಲಿದೆ. ಹೋಗುವಾಗಿನ ಇಳಿಜಾರು ಕೊಟ್ಟದ್ದನ್ನು ಬರುವಾಗಿನ ಏರು ವಾಪಸು ಪಡೆಯುತ್ತದೆ, ಒಂದು ದಿಕ್ಕಿನ ಅಂಕಿ ಮಾತ್ರ ಹಿಡಿದರೆ ಮೋಸ ಹೋಗುತ್ತೇವೆ. ಬಂಕಾಪುರದ ಟೋಲ್‌ನಲ್ಲಿ ನಿಂತು ಹೊರಡುವುದು ಎಲ್ಲ ಸುತ್ತಿನಲ್ಲೂ ಒಂದೇ ಆದ್ದರಿಂದ ಅದನ್ನು ಲೆಕ್ಕದಿಂದ ತೆಗೆಯಲಿಲ್ಲ.

ತುಂಬಿಸುವ ಕೆಲಸವೇ ಎಲ್ಲಕ್ಕಿಂತ ಸೂಕ್ಷ್ಮ. ನಳಿಕೆಯನ್ನು ಪೂರ್ತಿ ಒಳಗೆ ಇಟ್ಟು, ಹಿಡಿಯನ್ನು ಒಂದೇ ಹಂತದಲ್ಲಿ ಸಿಕ್ಕಿಸಿ ಕೈ ಬಿಡಬೇಕು. ಪೆಟ್ರೋಲ್ ಮೇಲೇರಿ ನಳಿಕೆಯ ತುದಿಯ ಸಣ್ಣ ರಂಧ್ರವನ್ನು ಮುಚ್ಚಿದ ಕೂಡಲೇ ‘ಟಕ್’ ಎಂದು ತಾನಾಗಿ ನಿಲ್ಲುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಮೊದಲ ದಿನ ಬಂಕಿನ ಹುಡುಗ ರೂಢಿಯಂತೆ, ‘ರೌಂಡ್ ಮಾಡಿಬಿಡಲೇ ಸರ್? ಎಂಬತ್ತು ರೂಪಾಯಿ ಅಷ್ಟೇ’ ಎಂದು ಮತ್ತೆ ಹಿಡಿಯನ್ನು ಒತ್ತಲು ಹೋದ. ನನ್ನ ಜೊತೆ ಕೆಲಸ ಮಾಡುವ ಹುಡುಗ ಅವನ ಕೈ ಹಿಡಿದು, ‘ಬೇಡ ತಮ್ಮಾ, ಟಕ್ ಅಂದಲ್ಲಿಗೆ ಸಾಕು, ನಮ್ಮ ಲೆಕ್ಕ ಕೆಡುತ್ತದೆ’ ಎಂದ. ಟಕ್ ಅಂದ ಮೇಲೂ ಒತ್ತುತ್ತ ಹೋದರೆ ಒಂದು ಲೀಟರ್‌ಗಿಂತ ಹೆಚ್ಚು ಹಿಡಿಯುತ್ತದೆ. ಹನ್ನೆರಡು ಲೀಟರಿನ ಲೆಕ್ಕದಲ್ಲಿ ಒಂದು ಲೀಟರ್ ತಪ್ಪಿದರೆ ಅದು ಲೆಕ್ಕವೇ ಅಲ್ಲ.

ಎಷ್ಟೇ ಜಾಗರೂಕತೆಯಿಂದ ತುಂಬಿಸಿದರೂ ಟಕ್ ಎನ್ನುವ ಮಟ್ಟ ಅರ್ಧ ಲೀಟರಿನಷ್ಟು ಹೆಚ್ಚುಕಡಿಮೆ ಆಗಬಹುದು. ಒಂದೇ ಸುತ್ತಿನ ಅಂಕಿ ನಂಬುವುದು ಜೋಳದ ಚೀಲ ತೂಗುವ ಕಾಟಾದ ಮೇಲೆ ಬಂಗಾರ ತೂಗಿದ ಹಾಗೆ. ಅದಕ್ಕೆ ಪ್ರತಿ ವೇಗಕ್ಕೂ ಮೂರು ಸುತ್ತು ಹಾಕಿ, ಮೂರನ್ನೂ ಕೂಡಿಸಿದೆ. ಪ್ರತಿ ಸುತ್ತಿನ ಮುಕ್ತಾಯ ಮುಂದಿನ ಸುತ್ತಿನ ಆರಂಭವಾದ್ದರಿಂದ ನಡುವಿನ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ, ಮೊದಲ ಮತ್ತು ಕೊನೆಯ ಟಕ್‌ನ ವ್ಯತ್ಯಾಸ ಮಾತ್ರ ಉಳಿಯುತ್ತದೆ.

ಇನ್ನೆರಡು ತಿದ್ದುಪಡಿ. ಸ್ಪೀಡೋಮೀಟರ್ 100 ತೋರಿಸುವಾಗ ಮೊಬೈಲಿನ ಜಿಪಿಎಸ್ 95 ತೋರಿಸಿತು. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬ ನಿಯಮ ಇರುವುದರಿಂದ ಕಂಪನಿಗಳು ಅದನ್ನು ಸ್ವಲ್ಪ ಮುಂದಕ್ಕೆ ಇಟ್ಟಿರುತ್ತವೆ. ಓಡೋಮೀಟರ್ ಕೂಡ ಒಂದು ಸುತ್ತಿಗೆ 214 ತೋರಿಸಿತು, ಜಿಪಿಎಸ್ ಪ್ರಕಾರ 210. ಇಲ್ಲಿ ನಾನು ಹೇಳುವ ವೇಗ ಮತ್ತು ದೂರ ಎಲ್ಲವೂ ಜಿಪಿಎಸ್‌ನವು. ಹುಡುಗ ಪಕ್ಕದ ಸೀಟಿನಲ್ಲಿ ಮೊಬೈಲ್ ಹಿಡಿದು ‘ಎರಡು ಹೆಚ್ಚಾಯಿತು ಅಣ್ಣಾ, ಒಂದು ಕಡಿಮೆ ಅಣ್ಣಾ’ ಎನ್ನುತ್ತಿದ್ದ, ನಾನು ಕಾಲಿನ ಒತ್ತಡ ತಿದ್ದುತ್ತಿದ್ದೆ. ಟೈರಿನ ಗಾಳಿಯನ್ನು ಮುಂಜಾನೆ ಟೈರು ತಣ್ಣಗಿರುವಾಗ, ನನ್ನದೇ ಗೇಜಿನಿಂದ, ಕಂಪನಿ ಹೇಳಿದ ಅಳತೆಗೆ ಇಟ್ಟೆ. ಎ.ಸಿ. ಎಲ್ಲ ಸುತ್ತಿನಲ್ಲೂ ಒಂದನೇ ಮಟ್ಟದಲ್ಲಿ. ಡಿಕ್ಕಿಯ ಕಲ್ಲುಗಳನ್ನು ಇಳಿಸಿದ್ದೆ.

ಮೂರು ಸುತ್ತು ಸೇರಿ 630 ಕಿ.ಮೀ. ಗಂಟೆಗೆ 80ರಲ್ಲಿ ಹಿಡಿದದ್ದು 31.7 ಲೀಟರ್, ಅಂದರೆ ಲೀಟರಿಗೆ 19.9. ತೊಂಬತ್ತರಲ್ಲಿ 35.2 ಲೀಟರ್, 17.9. ನೂರರಲ್ಲಿ 39.3 ಲೀಟರ್, 16. ನಮ್ಮ ಚತುಷ್ಪಥ ಹೆದ್ದಾರಿಗಳಲ್ಲಿ ಕಾರಿಗೆ ಕೇಂದ್ರದ ಗರಿಷ್ಠ ಮಿತಿಯೇ ನೂರು, ಅದಕ್ಕಿಂತ ಮೇಲೆ ಪರೀಕ್ಷೆ ಮಾಡಲಿಲ್ಲ. ಆದರೆ ಮೊದಲಿನ ಆರು ತಿಂಗಳು ಸ್ಪೀಡೋಮೀಟರಿನಲ್ಲಿ 115ರ ಹತ್ತಿರ, ಅಂದರೆ ನಿಜದಲ್ಲಿ 110ರ ಹತ್ತಿರ ಓಡಿಸುವುದು ನನ್ನ ರೂಢಿಯಾಗಿತ್ತು. ಆಗಿನ ಹದಿನಾಲ್ಕು ಎಲ್ಲಿಂದ ಬಂತು ಎಂಬುದು ಈ ಸಾಲಿನಲ್ಲಿ ತಾನಾಗಿ ಕಾಣುತ್ತದೆ. ಕಾರಿನಲ್ಲಿ ದೋಷ ಇರಲಿಲ್ಲ. ಸರ್ವಿಸ್‌ನವರ ಮಾತು ನಿಜವಾಗಿತ್ತು, ಆದರೆ ಅವರು ಒಂದು ಅಂಕಿಯನ್ನಾದರೂ ಜೊತೆಗೆ ಕೊಟ್ಟಿದ್ದರೆ ನನಗೆ ಎರಡು ವರ್ಷ ಉಳಿಯುತ್ತಿತ್ತು.

ಹೆದ್ದಾರಿಯಲ್ಲಿ ನಾವು ಹಣ ಕೊಡುವುದು ಬಹುಪಾಲು ಗಾಳಿಯನ್ನು ತಳ್ಳುವುದಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 80ರಿಂದ 100ಕ್ಕೆ ವೇಗ ಕಾಲು ಭಾಗ ಹೆಚ್ಚಿದರೆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಟೈರಿನ ಉರುಳುವಿಕೆಯ ತಡೆ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಎತ್ತರದ, ಮುಂಭಾಗ ಗೋಡೆಯಂತೆ ನಿಂತ ನಮ್ಮಂಥ ಗಾಡಿಗಳಿಗೆ ಈ ದಂಡ ತಗ್ಗಿನ ಸೆಡಾನ್‌ಗಿಂತ ಹೆಚ್ಚು. ಊರೊಳಗೆ, ಹೊಸೂರು ಸರ್ಕಲ್ಲಿನಿಂದ ಉಣಕಲ್ಲಿನವರೆಗೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನ ಪಕ್ಕದ ದಾರಿಯಲ್ಲಿ ನಿಂತು ನಿಂತು ಹೋಗುವಾಗ ಸಿಗುವ ಹನ್ನೆರಡಕ್ಕೆ ಕಾರಣವೇ ಬೇರೆ. ಅಲ್ಲಿ ಹಣ ಹೋಗುವುದು ಬ್ರೇಕಿಗೆ ಮತ್ತು ಸುಮ್ಮನೆ ಉರಿಯುವ ಎಂಜಿನ್‌ಗೆ.

ತೂಕ ಎಷ್ಟು ತಿನ್ನುತ್ತದೆ ಎಂದು ನೋಡಲು ನನಗಿಂತ ಅನುಕೂಲ ಇನ್ನಾರಿಗಿದೆ? ಮುದ್ರೆ ಹಾಕಿದ, ಗ್ರಾಂ ಲೆಕ್ಕದಲ್ಲಿ ಗೊತ್ತಿರುವ 200 ಕಿಲೋ ನನ್ನ ಬಳಿಯೇ ಇದೆ. ಕಲ್ಲುಗಳನ್ನು ಮತ್ತೆ ಏರಿಸಿ 90ರಲ್ಲಿ ಮೂರು ಸುತ್ತು ಹಾಕಿದೆ: 36.6 ಲೀಟರ್, ಲೀಟರಿಗೆ 17.2. ಮೂರು ಜನ ದಪ್ಪನೆಯ ಪ್ರಯಾಣಿಕರ ಭಾರಕ್ಕೆ ಹೋದದ್ದು 0.7 ಮಾತ್ರ. ಲಕ್ಷ್ಮೇಶ್ವರದ ಒಂದು ಮದುವೆಗೆಂದು ಛಾವಣಿಯ ಮೇಲೆ ಕ್ಯಾರಿಯರ್ ಹಾಕಿಸಿದ್ದೆ. ಮದುವೆ ಮುಗಿದ ಮೇಲೂ ಬಿಚ್ಚದೆ ಹದಿನೈದು ದಿನ ಖಾಲಿ ಕ್ಯಾರಿಯರ್ ಹೊತ್ತು ಓಡಾಡಿದೆ. ಅದೇ 90ರ ವೇಗದಲ್ಲಿ, ಡಿಕ್ಕಿಯಲ್ಲಿ ಕಲ್ಲಿಲ್ಲದ ಸುತ್ತುಗಳಲ್ಲಿ 16.5ಕ್ಕೆ ಇಳಿಯಿತು. ಹತ್ತು ಹನ್ನೆರಡು ಕಿಲೋದ ಖಾಲಿ ಕಂಬಿಗಳು 200 ಕಿಲೋ ಕಬ್ಬಿಣದ ಎರಡು ಪಟ್ಟು ತಿಂದವು. ಅಂದೇ ಸಂಜೆ ಸ್ಪ್ಯಾನರ್ ತಂದು ಬಿಚ್ಚಿದೆ.

ಜುಲೈನಲ್ಲಿ ಗದಗಿಗೆ ಹೋದ ದಿನವನ್ನು ಬಿಡಿಸಿ ಬರೆಯಬೇಕು. ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಗದಗಿಗೆ 58 ಕಿ.ಮೀ., ದಾರಿ ನೇರ ಪೂರ್ವಕ್ಕೆ. ಎರಡೂ ಕಡೆ ಎರೆಹೊಲ, ಅಡ್ಡ ನಿಲ್ಲಲು ಒಂದು ಮರವಿಲ್ಲ. ಆಷಾಢದ ಗಾಳಿ ಪಶ್ಚಿಮದಿಂದ ಒಂದೇ ಸಮನೆ ಬೀಸುತ್ತದೆ. ಕಪ್ಪತಗುಡ್ಡದ ಕಡೆ ಅಷ್ಟೊಂದು ಗಾಳಿಯಂತ್ರಗಳನ್ನು ನಿಲ್ಲಿಸಿರುವುದೂ ಆ ಗಾಳಿಯ ಭರವಸೆಯ ಮೇಲೆಯೇ. ಹೋಗುವಾಗ ಕಾರಿನೊಳಗೆ ಎಂದಿಲ್ಲದ ಮೌನ, 90ರಲ್ಲೂ ಕನ್ನಡಿಯ ಬಳಿ ಗಾಳಿಯ ಸದ್ದಿಲ್ಲ. ಕಾರಿನ ಪರದೆ ತೋರಿಸಿದ್ದನ್ನು ತಿದ್ದಿ ನೋಡಿದರೆ 20.6. ಸಂಜೆ ಮರಳುವಾಗ ಬಾಗಿಲಿನ ರಬ್ಬರ್ ಸಂದಿಯಲ್ಲಿ ಸಿಳ್ಳೆ, ರಸ್ತೆ ಬದಿಯ ಜಾಲಿಗಿಡಗಳೆಲ್ಲ ನಮ್ಮ ಕಡೆಗೇ ಬಾಗಿದ್ದವು. ಕಾಲು ಎಂದಿಗಿಂತ ಆಳಕ್ಕೆ ಒತ್ತಬೇಕಾಯಿತು. 15.3. ಅದೇ ಕಾರು, ಅದೇ ವೇಗ, ಅದೇ ದಿನ.

ಹೋಗಿ ಬಂದರೆ ಸರಿಹೋಗುತ್ತದೆ ಎಂಬುದು ಇಳಿಜಾರಿಗೆ ನಿಜ, ಗಾಳಿಗೆ ನಿಜವಲ್ಲ. ಹೋಗುವಾಗ 2.8 ಲೀಟರ್, ಬರುವಾಗ 3.8. ಸೇರಿಸಿದರೆ ಲೀಟರಿಗೆ 17.6 ಮಾತ್ರ, ಗಾಳಿಯಿಲ್ಲದ ದಿನದ 17.9ಕ್ಕಿಂತ ಕಡಿಮೆ. ತಡೆ ವರ್ಗದಲ್ಲಿ ಏರುವುದರಿಂದ ಎದುರುಗಾಳಿ ಕಸಿದುಕೊಂಡದ್ದನ್ನು ಹಿಂದಿನ ಗಾಳಿ ಪೂರ್ತಿ ಮರಳಿ ಕೊಡುವುದಿಲ್ಲ. ನನಗೆ ಇದು ಇಡೀ ಲೆಕ್ಕದಲ್ಲಿ ಅತ್ಯಂತ ಸಂತೋಷ ಕೊಟ್ಟ ಅಂಶ. ಆ ರಾತ್ರಿ ಕಾಗದದ ಮೇಲೆ ಗುಣಾಕಾರ ಹಾಕಿ ನೋಡಿದಾಗ ಅಂಕಿ ರಸ್ತೆಯ ಅಂಕಿಗೆ ಹತ್ತಿರ ಬಂತು.

ಕಾರಿನ ಪರದೆಯನ್ನು ತಿದ್ದಿ ನೋಡಿದೆ ಎಂದೆನಲ್ಲ, ಅದು ಯಾವಾಗಲೂ ಶೇ 6ರಷ್ಟು ಹೆಚ್ಚು ತೋರಿಸುತ್ತದೆ. ಎಲ್ಲ ಸುತ್ತಿನಲ್ಲೂ ಅದೇ ಪ್ರಮಾಣ. ತಪ್ಪು ಒಂದೇ ಸಮನಾಗಿದ್ದರೆ ಅಂಥ ಕಾಟಾವನ್ನೂ ಉಪಯೋಗಿಸಬಹುದು, ಕಳೆಯಬೇಕಾದದ್ದು ಎಷ್ಟು ಎಂದು ಗೊತ್ತಿದ್ದರೆ ಆಯಿತು.

ಪೆಟ್ರೋಲಿನಲ್ಲಿ ಈಗ ಶೇ 20 ಎಥೆನಾಲ್ ಇದೆ. ಎಥೆನಾಲ್‌ನ ಪ್ರತಿ ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಶಕ್ತಿ, ಹೀಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಈ ಮಿಶ್ರಣದಲ್ಲಿ ಶೇ 6–7ರಷ್ಟು ಶಕ್ತಿ ಕಡಿಮೆ. ಹಾವೇರಿ ಜಿಲ್ಲೆಯಲ್ಲಿ ನಾನು ತೂಗುವ ಗೋವಿನಜೋಳವೂ ಎಥೆನಾಲ್‌ಗೆ ಹೋಗುವ ಬೆಳೆ, ರೈತನಿಗೆ ಅದರಿಂದ ಒಂದು ಹೆಚ್ಚಿನ ಗಿರಾಕಿ ಸಿಕ್ಕಿದರೆ ನನಗೆ ಸಂತೋಷವೇ. ಆದರೆ ಐದು ವರ್ಷದ ಹಿಂದಿನ ಮೈಲೇಜ್ ಅಂಕಿಯನ್ನು ಇಂದಿನದಕ್ಕೆ ಹೋಲಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಈಗ ನಾನು 90ರಲ್ಲಿ ಓಡಿಸುತ್ತೇನೆ. ರಾಣೆಬೆನ್ನೂರಿಗೆ ಹೋಗಿ ಬರಲು ನೂರಕ್ಕೆ ಹೋಲಿಸಿದರೆ ಹದಿನಾಲ್ಕು ನಿಮಿಷ ಹೆಚ್ಚು ಹಿಡಿಯುತ್ತದೆ, ಸುಮಾರು 1.4 ಲೀಟರ್ ಉಳಿಯುತ್ತದೆ. ಲೀಟರಿಗೆ 103 ರೂಪಾಯಿ ಹಿಡಿದರೆ 140 ರೂಪಾಯಿಗಿಂತ ಹೆಚ್ಚು. ಎಂಬತ್ತರಲ್ಲಿ ಇನ್ನೂ ಉಳಿಯುತ್ತದೆ ನಿಜ, ಆದರೆ ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಗೆ ಹೋಗುವ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ದಾಟುವುದೇ ಕಷ್ಟ. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿಯ ತಡೆ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಕಡಿಮೆಯಾಗುವುದು ನಿಜ. ಆದರೆ ಲಾರಿ ಬ್ರೇಕ್ ಹಾಕಿದರೆ ನಮಗೆ ಕಣ್ಣು ಮಿಟುಕಿಸುವಷ್ಟೂ ಸಮಯ ಸಿಗುವುದಿಲ್ಲ. ದಯವಿಟ್ಟು ಯಾರೂ ಮಾಡಬೇಡಿ.

ಡಿಸೆಂಬರ್‌ನಲ್ಲಿ ಗದಗಿನ ಕೆಲಸ ಮತ್ತೆ ಇದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ, ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಹುಡುಗ ಈಗಾಗಲೇ ನೋಟ್‌ಬುಕ್ಕಿನಲ್ಲಿ ಜುಲೈ ಪುಟದ ಎದುರಿನ ಪುಟಕ್ಕೆ ಗೆರೆ ಎಳೆದು, ಮೇಲೆ ತಿಂಗಳ ಹೆಸರು ಬರೆದು, ಅಂಕಿಗಳಿಗೆ ಜಾಗ ಬಿಟ್ಟಿದ್ದಾನೆ.