ಉಚ್ಚಿ ರೋಗಕ್ಕೆ ಹೊಟ್ಟೆಯ ಪುಡಿ: ನನ್ನ ಅನುಭವ

"ಸಾಹೇಬ್ರ, ಉಚ್ಚಿ ಉರೀತೈತಿ ಅಂತ ಬಂದ್ರ ಎರಡಕ್ಕ ಹೋಗೋ ಪುಡಿ ಕೊಡ್ತೀರಲ್ರೀ?"

ವಿಜಯಪುರದ ನನ್ನ ಕ್ಲಿನಿಕ್‌ನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತಾಯಂದಿರು ಕೇಳಿದರೆ ಬೇಜಾರಿಲ್ಲ. ಆದರೆ ನಮ್ಮವರೇ ಒಬ್ಬ ಹಿರಿಯ ಮಕ್ಕಳ ಡಾಕ್ಟರು ಎಲ್ಲರ ಮುಂದೆ "ಇವರು ಮೂತ್ರಕ್ಕ ಜುಲಾಬು ಕೊಡ್ತಾರ" ಅಂತ ನಕ್ಕಿದ್ದರು. ಅದಾಗಿ ಮೂರು ವರ್ಷ. ಮತ್ತೆ ಮತ್ತೆ ಮೂತ್ರದ ಸೋಂಕು ಬರುವ ಸುಮಾರು 60 ಮಕ್ಕಳಿಗೆ ಹೀಗೇ ಮಲ ಸಡಿಲಿಸುವ ಪುಡಿ ಕೊಟ್ಟು ನೋಡಿದ್ದೇನೆ. ಕೊನೆಯವರೆಗೂ ಬಂದವರು 40 ಇರಬಹುದು, ಅವರಲ್ಲಿ 30ಕ್ಕೂ ಜಾಸ್ತಿ ಮಕ್ಕಳಿಗೆ ಸೋಂಕು ಮರಳಿಲ್ಲ. ಹಾಗಾಗಿ ಈಗ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಏಳು ವರ್ಷದ ಹುಡುಗಿಯಿಂದ. ಒಂದೇ ವರ್ಷದಲ್ಲಿ ಐದು ಕೋರ್ಸ್ ಆಂಟಿಬಯೋಟಿಕ್, ಅದರಲ್ಲಿ ಮೂರು ನಾನೇ ಬರೆದದ್ದು. ಕಿಡ್ನಿ ಸ್ಕ್ಯಾನ್ ಸರಿ ಇತ್ತು. ಎಂಸಿಯು (ಮೂತ್ರಕೋಶಕ್ಕೆ ಔಷಧ ತುಂಬಿ ತೆಗೆಯುವ ಎಕ್ಸ್‌ರೇ) ಮಾಡಿಸಿದೆ, ರಿಫ್ಲಕ್ಸ್ ಇಲ್ಲ, ಅಂದರೆ ಮೂತ್ರ ಕಿಡ್ನಿ ಕಡೆ ವಾಪಸ್ ಹೋಗುತ್ತಿಲ್ಲ. ತಂದೆ ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ಕೂಲಿ, ಅವರ ಕೈಯಿಂದ ಹದಿನೈದು ಸಾವಿರವಾದರೂ ಹೋಗಿತ್ತು. ಒಂದು ದಿನ ಸಮಾಧಾನವಾಗಿ ಹೊಟ್ಟೆ ಮುಟ್ಟಿ ನೋಡಿದರೆ ಎಡಗಡೆ ಕೆಳಗೆ ಕಲ್ಲಿನಂಥ ಗಂಟು. ಅಷ್ಟು ದಿನ "ದಿನಾ ಎರಡಕ್ಕೆ ಹೋಗ್ತಾಳಾ?" ಅಂತ ಮಾತ್ರ ಕೇಳಿದ್ದೆ, ತಾಯಿ "ಹೂಂ" ಅಂದಿದ್ದರು. ಹೋಗುತ್ತಿದ್ದಳು ನಿಜ, ಆಡಿನ ಹಿಕ್ಕೆಯಷ್ಟು! ಸ್ಕ್ಯಾನ್ ಮಾಡುವ ಗೆಳೆಯನಿಗೆ ಈ ಸಲ ರೆಕ್ಟಮ್ (ಮಲ ಬಂದು ನಿಲ್ಲುವ ಕರುಳಿನ ಕೊನೆಯ ಭಾಗ) ಅಗಲವನ್ನೂ ಅಳೆಯಪ್ಪಾ ಅಂದೆ. 3 ಸೆಂಟಿಮೀಟರ್ ದಾಟಿದರೇ ಅನುಮಾನ, ಇವಳದು 4ರ ಮೇಲಿತ್ತು. ಮೂತ್ರ ಮಾಡಿದ ಮೇಲೂ ಮೂತ್ರಕೋಶದಲ್ಲಿ 60 ಎಂಎಲ್ ಉಳಿದಿತ್ತು. ಗಟ್ಟಿ ಮಲ ಮೂತ್ರಕೋಶವನ್ನು ಒತ್ತುತ್ತೆ, ಅದು ಪೂರ್ತಿ ಖಾಲಿಯಾಗಲ್ಲ, ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತೆ.

ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಅನ್ನುವ, ಮಲ ಮೆತ್ತಗೆ ಮಾಡುವ ಪುಡಿ ಶುರು ಮಾಡಿದೆ. ಮೊದಲ ಆರು ತಿಂಗಳು ಪೂರ್ತಿ ಸೋಲು. ಇವಳೊಬ್ಬಳೇ ಅಲ್ಲ, ಆಮೇಲೆ ಬಂದವರದೂ ಅದೇ ಕಥೆ. ಡೋಸ್ ತಪ್ಪಿರಲಿಲ್ಲ. ಎರಡು ವಾರಕ್ಕೆ ಹೊಟ್ಟೆ ಸಡಿಲವಾದ ಕೂಡಲೇ ಮನೆಯವರು ನಿಲ್ಲಿಸುತ್ತಿದ್ದರು. ತಿಂಗಳಿಗೆ ಐನೂರು ಆರುನೂರು ರೂಪಾಯಿ, ಯಾರು ಸುಮ್ನೆ ಖರ್ಚು ಮಾಡ್ತಾರೆ ಹೇಳಿ. ಅಗ್ಗ ಆಗಲಿ ಅಂತ ನಮ್ಮೂರಿನದೇ ಒಣದ್ರಾಕ್ಷಿ ನೆನೆಸಿ ಕೊಡಿಸಿ ನೋಡಿದೆ, ಹನ್ನೆರಡು ಮಕ್ಕಳಿಗೆ. ಸ್ವಲ್ಪ ಮಲಬದ್ಧತೆ ಇದ್ದವರಿಗೆ ನಡೆಯಿತು, ಗಂಟು ಕಟ್ಟಿದವರಿಗೆ ಏನೂ ಆಗಲಿಲ್ಲ. ಈಗ ಆರು ತಿಂಗಳು ಬಿಡದೆ ಪುಡಿ ಕುಡಿಸುವಂತೆ ಒಪ್ಪಿಸುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಕ್ಲಿನಿಕ್‌ಗೆ ಬಂದರೆ ಚಹಾ ಕುಡಿಸಿ ಹೇಳುತ್ತೇನೆ.

ಮಗು ದಿನಕ್ಕೆ ಎಷ್ಟು ಸಲ ಒಂದಕ್ಕೆ, ಎರಡಕ್ಕೆ ಹೋಯಿತು ಅಂತ ಬರೆಸುವ ಡೈರಿ ಮಾತ್ರ ದೊಡ್ಡ ತಲೆನೋವು. ಪ್ರಿಂಟ್ ಮಾಡಿಸಿದ 200 ಹಾಳೆಗಳಲ್ಲಿ ತುಂಬಿ ಬಂದದ್ದು ಎಂಟೋ ಹತ್ತೋ. ಅವೂ ಕ್ಲಿನಿಕ್ ಬಾಗಿಲಲ್ಲಿ ಕೂತು ತುಂಬಿದವು, ಎಲ್ಲ ಒಂದೇ ಪೆನ್ನು. ಆಮೇಲೆ ಡಬ್ಬಿ ಪದ್ಧತಿ ತಂದೆ. ಒಂದಕ್ಕೆ ಹೋದರೆ ಡಬ್ಬಿಗೆ ಒಂದು ಜೋಳದ ಕಾಳು, ಎರಡಕ್ಕೆ ಹೋದರೆ ಒಂದು ಶೇಂಗಾ. ಒಬ್ಬ ಹುಡುಗ ವಾರಪೂರ್ತಿ ಎರಡಕ್ಕೇ ಹೋಗಿಲ್ಲ ಅಂತ ಗಾಬರಿಯಾಗಿ ನೋಡಿದರೆ ಶೇಂಗಾ ತಿಂದುಬಿಟ್ಟಿದ್ದ. ಈಗ ಹುಣಸೆಬೀಜ. ರಜೆಯ ಎರಡು ದಿನ ಮಾತ್ರ ಗೆರೆ ಹಾಕಿದ ಮಗ್‌ನಲ್ಲಿ ಅಳತೆ. ಮೂತ್ರಕೋಶ ಎಷ್ಟು ಹಿಡಿಯಬೇಕು ಅನ್ನೋದಕ್ಕೆ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ, ಏಳು ವರ್ಷಕ್ಕೆ 240 ಎಂಎಲ್. ನಮ್ಮ ಹುಡುಗಿ ಒಂದೇ ಸಲಕ್ಕೆ 400 ಮಾಡಿದ್ದಳು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಂದು ಕಾಳೂ ಬಿದ್ದಿರಲಿಲ್ಲ. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ, ಹೇಗೆ ಹೋಗಬೇಕು? ಹೋಗಬಾರದು ಅಂತ ನೀರೂ ಕುಡಿಯುತ್ತಿರಲಿಲ್ಲ, ಅದೂ ನಮ್ಮ ಏಪ್ರಿಲ್ ಬಿಸಿಲಲ್ಲಿ. ಎರಡು ಗಂಟೆಗೊಮ್ಮೆ ಬಿಡಿ ಅಂತ ಚೀಟಿ ಕೊಟ್ಟೆ. "ಒಬ್ಬಾಕಿ ಎದ್ರ ಎಲ್ಲಾರೂ ಏಳ್ತಾರ್ರೀ" ಅಂದರು ಟೀಚರ್. ಕೊನೆಗೆ ಬೆಲ್ ಹೊಡೆದಾಗ ಗೆಳತಿಯೊಬ್ಬಳು ಬಾಗಿಲು ಕಾಯುವುದು ಅಂತಾಯಿತು. ಪುಡಿಗಿಂತ ಜಾಸ್ತಿ ಕೆಲಸ ಮಾಡಿದ್ದು ಆ ಗೆಳತಿ ಅಂತ ನನಗೆ ಈಗಲೂ ಅನುಮಾನ.

ಪುಟ್ಟ ಕೂಸುಗಳಿಂದ ಮೂತ್ರದ ಸ್ಯಾಂಪಲ್ ತೆಗೆಯುವ ವಿಷಯ ಬೇರೆ. ಬ್ಯಾಗ್‌ನಲ್ಲಿ ಹಿಡಿದ ಮೂತ್ರದ ಕಲ್ಚರ್ (ಯಾವ ರೋಗಾಣು ಬೆಳೆಯುತ್ತೆ ಅಂತ ನೋಡುವ ಪರೀಕ್ಷೆ) ನಾನು ಬಿಟ್ಟೇಬಿಟ್ಟೆ. ಪ್ರತಿ ಸಲ ಮಿಕ್ಸೆಡ್ ಗ್ರೋತ್ (ಹಲವು ರೋಗಾಣು ಬೆರೆತ, ಏನೂ ತಿಳಿಯದ ವರದಿ), ಪ್ರತಿ ಸಲ ಐನೂರು ರೂಪಾಯಿ ನೀರಿಗೆ. ಅದರ ಬದಲು ಹಾಲು ಕುಡಿಸಿ, ತೊಳೆದು, ಕೆಳಹೊಟ್ಟೆಯನ್ನು ತಣ್ಣನೆ ಒದ್ದೆ ಗಾಜ್ ಬಟ್ಟೆಯಿಂದ ಸುತ್ತ ಸವರುತ್ತೇವೆ, ನರ್ಸ್ ಡಬ್ಬಿ ಹಿಡಿದು ಕಾಯುತ್ತಾರೆ. ಆದರೆ ಮೇ ತಿಂಗಳಲ್ಲಿ ಇಲ್ಲಿ ಯಾವ ನೀರು ತಣ್ಣಗಿರುತ್ತೆ? ಲಸಿಕೆ ಫ್ರಿಜ್‌ನಲ್ಲಿ ಬೇರೇನೂ ಇಡುವಂತಿಲ್ಲ. ಮನೆಯಿಂದ ಥರ್ಮಾಸ್‌ನಲ್ಲಿ ಐಸ್ ತರುತ್ತೇನೆ. ಮೂರರಲ್ಲಿ ಒಂದು ಕೂಸಾದರೂ ಐದು ನಿಮಿಷದೊಳಗೆ ಕೊಡುತ್ತೆ, ಉಳಿದವಕ್ಕೆ ಕ್ಯಾಥೆಟರ್, ಅಂದರೆ ಮೂತ್ರ ತೆಗೆಯುವ ಸಣ್ಣ ಕೊಳವೆ.

ಈಗ ನನ್ನ ದೊಡ್ಡ ತಪ್ಪು. ಐದು ವರ್ಷದ ಹುಡುಗ, ಚಡ್ಡಿ ಯಾವಾಗಲೂ ಒದ್ದೆ. ಪುಡಿಯ ಯಶಸ್ಸು ತಲೆಗೇರಿತ್ತು ನೋಡಿ, ಬೆನ್ನಲ್ಲಿ (ಬೆನ್ನುಹುರಿಯ ದೋಷ ತೋರಿಸುವ) ಕುಳಿಯೋ ಕೂದಲೋ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಇವನಿಗೂ ಹೊಟ್ಟೆಯದೇ ಅಂತ ಎರಡು ತಿಂಗಳು ಕಳೆದೆ. ಧಾರೆ ಹೇಗೆ ಬೀಳುತ್ತೆ ಅಂತ ಒಂದು ಸಲವೂ ನಿಂತು ನೋಡಲಿಲ್ಲ. ಅಜ್ಜಿಯೇ ಹೇಳಿದರು, "ತಿಣುಕ್ತಾನ್ರೀ, ಹನಿಹನಿ ಬೀಳ್ತೈತಿ". ಸ್ಕ್ಯಾನ್‌ನಲ್ಲಿ ಮೂತ್ರಕೋಶದ ಗೋಡೆ ದಪ್ಪ, ಎರಡೂ ಕಿಡ್ನಿ ಊದಿದ್ದವು. ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್, ಅಂದರೆ ಹುಟ್ಟಿನಿಂದಲೇ ಮೂತ್ರದ ದಾರಿಗೆ ಅಡ್ಡ ಇರುವ ಪೊರೆ. ಬೇರೆ ಊರಿಗೆ ಕಳಿಸಿದೆ, ಅಲ್ಲಿ ಮೂತ್ರದ ದಾರಿಯಲ್ಲಿ ದುರ್ಬೀನು ಹಾಕಿ ವಾಲ್ವ್ ಕತ್ತರಿಸಿದರು. ಹುಡುಗ ಈಗ ಓಡಾಡಿಕೊಂಡಿದ್ದಾನೆ, ಆದರೆ ಅವನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡುವಾಗೆಲ್ಲ ಆ ಎರಡು ತಿಂಗಳು ನೆನಪಾಗುತ್ತೆ.

ಆಗ ಯುರೋಫ್ಲೋ (ಮೂತ್ರದ ಧಾರೆಯ ವೇಗ ಅಳೆಯುವ ಪರೀಕ್ಷೆ) ಬೇಕೇ ಬೇಕು ಅನಿಸಿತು. ಮಷಿನ್‌ಗೆ ಕೊಟೇಶನ್ ಒಂದೂವರೆ ಲಕ್ಷದ ಮೇಲೆ. ನಾನು ಕೊಂಡದ್ದು 450 ರೂಪಾಯಿಯ ಅಡುಗೆಮನೆ ತಕ್ಕಡಿ. ಬಡಿಗೇರರಿಂದ ನಡುವೆ ತೂತಿರುವ ಕುರ್ಚಿ ಮಾಡಿಸಿದೆ, ಕಾಲಿಗೆ ಒಂದು ಮಣೆ. ಕೆಳಗೆ ತಕ್ಕಡಿ, ಮೇಲೆ ಜಗ್ಗು, ತಕ್ಕಡಿಯ ಅಂಕಿಯ ಮೇಲಷ್ಟೇ ಮೊಬೈಲ್ ವಿಡಿಯೋ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಎಂಎಲ್. ಆಮೇಲೆ ಸೆಕೆಂಡ್ ಸೆಕೆಂಡಿಗೂ ಅಂಕಿ ಬರೆದು ಎಕ್ಸೆಲ್‌ಗೆ ಹಾಕುತ್ತೇನೆ. ತಕ್ಕಡಿ ತಡವಾಗಿ ತೋರಿಸುವುದರಿಂದ ಶಿಖರ ತಗ್ಗಿ ಕಾಣುತ್ತೆ, ಕ್ಯೂಮ್ಯಾಕ್ಸ್ (ಧಾರೆಯ ಗರಿಷ್ಠ ವೇಗ) ನಂಬಬೇಡಿ. ಗೆರೆಯ ಆಕಾರ ನೋಡಿ ಸಾಕು: ಗಂಟೆಯ ಹಾಗಿದೆಯಾ (ಸರಿ ಇದೆ), ಗರಗಸದ ಹಾಗಾ (ಬಿಗಿಹಿಡಿದು ಮಾಡುತ್ತಿರಬಹುದು), ಚಪ್ಪಟೆಯಾ (ಅಡ್ಡಿ ಇರಬಹುದು). ಮೊದಲ ತಕ್ಕಡಿ ಉಚ್ಚಿ ಸಿಡಿದು ಮೂರೇ ವಾರಕ್ಕೆ ಸತ್ತಿತು, ಎರಡನೆಯದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ್ದೇನೆ. ನಿಂತು ಮಾಡುವ ಹುಡುಗರಿಗೆ ಈ ಕುರ್ಚಿ ಆಗುವುದಿಲ್ಲ. ಅದಕ್ಕೊಂದು ದೊಡ್ಡ ಲಾಳಿಕೆಯ ಸ್ಟ್ಯಾಂಡ್ ಮಾಡಿಕೊಡಿ ಅಂತ ಬಡಿಗೇರರಿಗೆ ಮುನ್ನೂರು ಅಡ್ವಾನ್ಸ್ ಕೊಟ್ಟಿದ್ದೇನೆ. ದಸರಾ ಆದಮೇಲೆ ಅಂದಿದ್ದಾರೆ.