ಗೋಲ್ ಗೆರೆ ಬಿಟ್ಟು ಮುಂದೆ ಬಂದ ಮೇಲೆ

ಕೊಡಗಿನಲ್ಲಿ ಬೆಳೆದವನಿಗೆ ಹಾಕಿ ಸ್ಟಿಕ್ ಹಿಡಿಯಲು ಬೇರೆ ಕಾರಣ ಬೇಕಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನಮ್ಮ ಒಕ್ಕದವರೂ (ಮನೆತನದವರೂ) ತಂಡ ಕಟ್ಟುತ್ತಿದ್ದರು. ಗೋಲು ಹೊಡೆಯುವ ಹುಮ್ಮಸ್ಸಿನವರು ಬೇಕಾದಷ್ಟಿದ್ದರು, ಪ್ಯಾಡ್ ಕಟ್ಟಿಕೊಳ್ಳಲು ಒಪ್ಪುವವರಿರಲಿಲ್ಲ. ಹಾಗೆ ನಾನು ಗೋಲ್‌ಕೀಪರ್ ಆದೆ.

ಹುಲ್ಲಿನ ಮೈದಾನದಲ್ಲಿ ಚೆಂಡು ಪುಟಿದು ಎತ್ತಲೋ ಹೊರಳುತ್ತದೆ. ಗೆರೆಯ ಮೇಲೇ ನಿಂತು ಕೊನೆಯವರೆಗೂ ಅದನ್ನು ನೋಡುವುದು ಅಲ್ಲಿ ಜಾಣತನ. ಬೆಂಗಳೂರಿನ ಲೀಗ್‌ಗೆ ಬಂದಾಗ, ನೀರು ಹಾಯಿಸಿದ ಟರ್ಫ್, ಅಂದರೆ ಕೃತಕ ಹುಲ್ಲಿನ ಮೇಲೆ ಆ ಜಾಣತನ ನಡೆಯಲಿಲ್ಲ. ಗೋಲಿನ ಅಗಲ 3.66 ಮೀಟರ್, ಎತ್ತರ 2.14. ಗೆರೆಯ ಮೇಲೆ ನಿಂತರೆ ಎರಡೂ ಪಕ್ಕ ಬಯಲು. ತರಬೇತುದಾರರು ಎರಡು ಕಂಬಗಳಿಂದಲೂ ಚೆಂಡಿನವರೆಗೆ ಹಗ್ಗ ಎಳೆದು, ನನ್ನನ್ನು ನಡುವೆ ನಿಲ್ಲಿಸಿ, ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಕರೆದರು. ಮೂರು ಹೆಜ್ಜೆಗೇ ಹಗ್ಗಗಳು ನನ್ನ ಪ್ಯಾಡ್‌ಗಳ ಹತ್ತಿರಕ್ಕೆ ಬಂದವು. ಎಷ್ಟೋ ಕಾಲ ಹಾರಿ ಬಿದ್ದು ಮಾಡುತ್ತಿದ್ದ ಕೆಲಸವನ್ನು ನಿಂತ ಜಾಗವೇ ಮಾಡಬಲ್ಲದು ಎಂದು ಆಗ ತಿಳಿಯಿತು.

ನಮ್ಮವರ ತಪ್ಪಿಗೆ ಗೋಲಿನ ಹತ್ತಿರ ಎದುರಾಳಿಗೆ ಸಿಗುವ ಪೆನಾಲ್ಟಿ ಕಾರ್ನರ್ ಲೆಕ್ಕ ಬೇರೆ. ನಾನೂ ಸೇರಿ ಐವರು ಗೆರೆಯ ಹಿಂದೆ. ಮೊದಲ ಹೊಡೆತ ಹಿಟ್ (ಸ್ಟಿಕ್ ಬೀಸಿ ಹೊಡೆದದ್ದು) ಆಗಿದ್ದರೆ ಅದು ಗೋಲಿನೊಳಗಿನ 460 ಮಿಲಿಮೀಟರ್ ಎತ್ತರದ ಹಲಗೆಗಿಂತ ಮೇಲೆ ಗೋಲು ಸೇರುವಂತಿಲ್ಲ. ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆ ಆ ಕಟ್ಟುಪಾಡಿಲ್ಲ. ಆದ್ದರಿಂದ ನಮ್ಮ ಕಡೆಯಿಂದ ಮೊದಲು ನುಗ್ಗುವ ಆಟಗಾರನ ಜೊತೆ ಮುಂಚೆಯೇ ಮಾತಾಗಿರುತ್ತದೆ: ಒಂದು ಪಕ್ಕ ಅವನದು, ಇನ್ನೊಂದು ನನ್ನದು. ತಡೆದ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದೇ ಮುಂದಿನ ತಲೆನೋವು. ಪಾದಕ್ಕೆ ತೊಡುವ ಫೋಮಿನ ಕಿಕ್ಕರ್‌ಗೆ ಬಡಿದ ಚೆಂಡು ದೂರಕ್ಕೆ ಚಿಮ್ಮುತ್ತದೆ. ಪಾದವನ್ನು ಹೊರಕ್ಕೆ ತಿರುಗಿಸಿ ಅದನ್ನು ಅಂಚಿನ ಕಡೆ ಕಳುಹಿಸದಿದ್ದರೆ ಎದುರಾಳಿಗೇ ತಟ್ಟೆಯಲ್ಲಿಟ್ಟು ಬಡಿಸಿದಂತೆ.

1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಭಾರತದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ತಡೆದದ್ದು ಪೆನಾಲ್ಟಿ ಸ್ಟ್ರೋಕ್‌ಗಳನ್ನು, ಅಂದರೆ ಕೀಪರ್ ಒಬ್ಬನ ಎದುರು ನಿಂತ ಚೆಂಡಿನಿಂದ ಮಾಡುವ ಹೊಡೆತಗಳನ್ನು. ಅಲ್ಲಿ ಕಾಲು ಗೆರೆಗೆ ಕಟ್ಟಿಹಾಕಿದಂತೆಯೇ. ಸಮಬಲವಾದ ಪಂದ್ಯವನ್ನು ತೀರ್ಮಾನಿಸುವ ಈಗಿನ ಶೂಟೌಟ್‌ನಲ್ಲಿ ದಾಳಿಗಾರ 23 ಮೀಟರ್ ಗೆರೆಯಿಂದ ಚೆಂಡು ತರುತ್ತಾನೆ, ಅವನಿಗಿರುವುದು 8 ಸೆಕೆಂಡು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ವಿರುದ್ಧದ 4–2 ಶೂಟೌಟ್‌ನಲ್ಲಿ ಭಾರತದ ಕೀಪರ್ ಪಿ.ಆರ್. ಶ್ರೀಜೇಶ್ ಆಡಿದ್ದನ್ನು ನಾನು ಶಬ್ದ ತೆಗೆದು ಮತ್ತೆ ಮತ್ತೆ ನೋಡಿದ್ದೇನೆ. ವೀಕ್ಷಕ ವಿವರಣೆ ಕೇಳುತ್ತಿದ್ದರೆ ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಕೀಪರ್‌ನ ಕಾಲು ಕಾಣುವುದಿಲ್ಲ.

ನನ್ನ ರೀತಿ ಹೀಗಿದೆ: ಶಿಳ್ಳೆ ಕೇಳಿದೊಡನೆ ಮುನ್ನುಗ್ಗುತ್ತೇನೆ, ಅವನ ಹತ್ತಿರವಾಗುತ್ತಿದ್ದಂತೆ ವೇಗ ತಗ್ಗಿಸುತ್ತೇನೆ, ಸಾಧ್ಯವಾದಷ್ಟು ಹೊತ್ತು ಬೀಳದೆ ಇರುತ್ತೇನೆ. ಅವನನ್ನು ಅವನ ಎಡಕ್ಕೆ, ಸ್ಟಿಕ್ ಮಗುಚಿ ಹೊಡೆಯಬೇಕಾದ ಕಡೆಗೆ ತಳ್ಳುತ್ತಾ ಹೋದರೆ ಗಡಿಯಾರ ನನ್ನ ಪರ ಓಡುತ್ತದೆ. ಆದರೆ ಬೇಕೆಂದೇ ಅವನ ಕಾಲಿಗೆ ಅಡ್ಡ ಬಿದ್ದರೆ ಅವನಿಗೆ ಸಿಗುವುದು ಪೆನಾಲ್ಟಿ ಸ್ಟ್ರೋಕ್, ನಾನು ಮತ್ತೆ ಗೆರೆಯ ಮೇಲೆ ನಿಲ್ಲಬೇಕು.