ಬಲೆ ತೆಗೆದಷ್ಟೂ ಜೇಡ ಬರುತ್ತಿದೆಯಾ? ಮೊದಲು ಲೈಟು ನೋಡಿ

ಹೋದ ಮಳೆಗಾಲದಲ್ಲಿ ಗೇಟಿನ ಹತ್ತಿರ ಒಂದು ಸಿಸಿ ಕ್ಯಾಮೆರಾ ಹಾಕಿಸಿದೆವು. ಮೂರನೇ ದಿನ ರಾತ್ರಿ ಎರಡು ಗಂಟೆಗೆ ಫೋನು ಬಡಿದುಕೊಳ್ಳತೊಡಗಿತು, ಗೇಟಿನ ಹತ್ತಿರ ಏನೋ ಓಡಾಡುತ್ತಿದೆ ಅಂತ. ಗಾಬರಿಯಲ್ಲಿ ತೆಗೆದು ನೋಡಿದರೆ ಪರದೆ ತುಂಬ ಎಂಟು ಬಿಳಿ ಕಾಲು. ಕ್ಯಾಮೆರಾದ ಕಣ್ಣಿಗೆ ಅಡ್ಡವಾಗಿ ಜೇಡವೊಂದು ನಿಧಾನಕ್ಕೆ ಬಲೆ ಹೆಣೆಯುತ್ತಿತ್ತು. ಬೆಳಿಗ್ಗೆ ಪೊರಕೆಯಲ್ಲಿ ಎಳೆದು ಹಾಕಿದೆ. ರಾತ್ರಿ ಮತ್ತೆ ಅದೇ ಜಾಗ, ಅದೇ ಹೊತ್ತು. ಒಂದು ವಾರ ನಾನು ತೆಗೆಯೋದು, ಅದು ಕಟ್ಟೋದು ನಡೆದ ಮೇಲೆ ಒಮ್ಮೆ ತಲೆ ಎತ್ತಿ ನೋಡಿದೆ. ಕ್ಯಾಮೆರಾದ ನೆತ್ತಿಯ ಮೇಲೇ ಹಾಲಿನಂಥ ಬಿಳಿ ಎಲ್‌ಇಡಿ ಬಲ್ಬು, ಅದರ ಸುತ್ತ ಮಳೆಹುಳದ ಜಾತ್ರೆ. ಜಾತ್ರೆಯಲ್ಲಿ ಅಂಗಡಿ ಇಟ್ಟವರು ಸುಮ್ನೆ ಎದ್ದು ಹೋಗುತ್ತಾರಾ?

ಜೇಡ ನಮ್ಮ ಮನೆಗೆ ಬರುವುದು ಹುಳ ತಿನ್ನೋಕೆ. ಅನ್ನ, ಸಕ್ಕರೆ ಅದಕ್ಕೆ ಬೇಡ. ಹಾಗಾಗಿ ಬಲೆಯ ಹಿಂದೆ ಬೀಳುವ ಮೊದಲು ಹುಳ ಎಲ್ಲಿಂದ ಬರುತ್ತಿದೆ ಅಂತ ನೋಡಿ. ಹೊರಗಿನ ಬಲ್ಬು ಬದಲಿಸುವುದೇ ಮೊದಲ ಕೆಲಸ. ಬಲ್ಬಿನ ಡಬ್ಬದ ಮೇಲೆ 6500 ಕೆ ಅಂತ ಇದ್ದರೆ ಅದು ಬಿಳಿ ಬೆಳಕು, ಹುಳ ಜಾಸ್ತಿ. 2700 ಅಥವಾ 3000 ಕೆ ಅಂತ ಇರುವುದು ಹಳದಿ ಬೆಳಕು, ಹುಳ ಕಡಿಮೆ. ಪೂರ್ತಿ ನಿಲ್ಲುವುದಿಲ್ಲ, ಆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬಾಗಿಲ ನೆತ್ತಿಯ ಮೇಲೆ ಬಲ್ಬು ಇದ್ದರೆ, ಸಾಧ್ಯವಾದರೆ ಅದನ್ನು ಕಾಂಪೌಂಡ್ ಗೋಡೆಗೆ ಸಾಗಿಸಿ. ಹುಳದ ಜೊತೆ ಜೇಡವೂ ಅಲ್ಲಿಗೇ ಹೋಗಲಿ. ಸಂಜೆ ದೀಪ ಹಚ್ಚುವ ಮೊದಲು ಜಾಲರಿ ಇಲ್ಲದ ಕಿಟಕಿ ಮುಚ್ಚುವುದು ನಮ್ಮ ಅಮ್ಮಂದಿರು ಸೊಳ್ಳೆಗೆ ಅಂತ ಮಾಡುತ್ತಿದ್ದ ಕೆಲಸ, ಜೇಡಕ್ಕೂ ಅದೇ ಮದ್ದು.

ಇನ್ನು ಇರುವ ಬಲೆ ತೆಗೆಯೋಣ. ನಮ್ಮಲ್ಲಿ ಹೆಚ್ಚಿನವರು ಧೂಳು ಹೊಡೆಯುವುದು ಹಬ್ಬಕ್ಕೆ ಮಾತ್ರ, ಯುಗಾದಿಗೊಮ್ಮೆ, ದಸರೆಗೊಮ್ಮೆ. ಅದು ಸಾಲದು. ಒಂದು ದಿನ ಸೊಂಟ ಮುರಿಯುವಷ್ಟು ಮಾಡುವ ಬದಲು ವಾರಕ್ಕೊಮ್ಮೆ ಹತ್ತು ನಿಮಿಷ ಮಾಡಿ. ಉದ್ದ ಕೋಲಿನ ಬ್ರಷ್ ಇಲ್ಲದಿದ್ದರೆ ಬಿದಿರು ಗಳದ ತುದಿಗೆ ಪೊರಕೆ ಕಟ್ಟಿ, ಅದಕ್ಕೆ ಹಳೇ ಬನಿಯನ್ ಸುತ್ತಿದರೆ ಸಾಕು. ಬಟ್ಟೆ ಒಣಗಿರಲಿ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಲೆಯ ಧೂಳು ಗೋಡೆಗೇ ಅಂಟಿ ಕಪ್ಪು ಗೆರೆ ಎಳೆಯುತ್ತದೆ, ಸುಣ್ಣದ ಗೋಡೆಯಾದರಂತೂ ಕಥೆ ಮುಗಿಯಿತು. ನಾನು ಮಾಡಿ ನೋಡಿ ಕಲಿತದ್ದು ಇದು. ಗೋಡೆಗೆ ಒತ್ತಬೇಡಿ, ಬಲೆಗೆ ತಾಗಿಸಿ ಕೋಲನ್ನು ಬೆರಳಲ್ಲಿ ತಿರುಗಿಸಿ. ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಕಡ್ಡಿಗೆ ಸುತ್ತುತ್ತಾರಲ್ಲ, ಹಾಗೆ ಬಲೆ ಪೂರ್ತಿ ಸುತ್ತಿಕೊಂಡು ಬರುತ್ತದೆ. ತಲೆಗೆ ಟವೆಲ್ ಕಟ್ಟಿಕೊಳ್ಳಿ, ಫ್ಯಾನ್ ಆಫ್ ಮಾಡಿ, ಸೂರು ಮೊದಲು ನೆಲ ಕೊನೆಗೆ.

ಬಲೆಗಿಂತ ಮುಖ್ಯ ಮೊಟ್ಟೆ. ಸಜ್ಜಾದ ಮೂಲೆ, ದೇವರ ಫೋಟೋ ಹಿಂಬದಿ, ಕ್ಯಾಲೆಂಡರ್ ಹಿಂದೆ, ಮಂಚದ ಅಡಿ ಟಾರ್ಚ್ ಬಿಟ್ಟು ನೋಡಿ. ಹತ್ತಿಯ ಉಂಡೆಯಂತೆ ಇರಬಹುದು, ಇಲ್ಲವೇ ಗೋಡೆಗೆ ನಾಣ್ಯದಷ್ಟು ಗುಂಡಗೆ ಬಿಳಿ ಕಾಗದ ಅಂಟಿಸಿದ ಹಾಗೆ ಇರಬಹುದು. ಚಿಕ್ಕವರಿದ್ದಾಗ ನಾವು ಅದನ್ನು ಉಗುರಲ್ಲಿ ಎಬ್ಬಿಸುತ್ತಿದ್ದೆವು, ಪಟ್ ಅಂತ ಸದ್ದು ಮಾಡಿ ಬಿಡಿಸಿಕೊಂಡು ಬರುತ್ತಿತ್ತು. ಒಂದೊಂದರಲ್ಲಿ ಹತ್ತಾರು, ಕೆಲವದರಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ. ಹಳೇ ಚಾಕುವಿನಿಂದ ಕೆರೆದು ಸೋಪಿನ ನೀರಿಗೆ ಹಾಕಿ. ಮೂಲೆಯಲ್ಲಿ ನೂಲಿನಂಥ ಕಾಲಿನ ಜೇಡ ತಲೆಕೆಳಗಾಗಿ ತೂಗುತ್ತಿರುತ್ತದಲ್ಲ, ಅದನ್ನು ಊದಿ ನೋಡಿ, ಬಲೆಯ ಜೊತೆ ತಾನೂ ಗಡಗಡ ನಡುಗಿ ಕಣ್ಣಿಗೆ ಮಸುಕಾಗಿಬಿಡುತ್ತದೆ. ಆ ಜಾತಿಯ ಹೆಣ್ಣು ಮೊಟ್ಟೆಯ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಹಾಗಾಗಿ ಜೇಡ ಹೋದರೆ ಮೊಟ್ಟೆಯೂ ಹೋದಂತೆ.

ಒಳಗೆ ಬರುವ ದಾರಿ ಮುಚ್ಚುವುದು ಒಂದು ಭಾನುವಾರದ ಕೆಲಸ. ಬಚ್ಚಲುಮನೆ ವೆಂಟಿಲೇಟರಿಗೆ ಜಾಲರಿ, ಬಾಗಿಲಡಿ ಸಂದಿಗೆ ರಬ್ಬರ್ ಪಟ್ಟಿ, ಎಸಿ ಪೈಪು ಮತ್ತು ಕೇಬಲ್ ಹಾದು ಬರುವ ತೂತಿಗೆ ಎಂ-ಸೀಲ್ ಇಲ್ಲವೇ ವೈಟ್ ಸಿಮೆಂಟ್. ಹೆಂಚಿನ ಮನೆಯವರಿಗೆ ಇದೆಲ್ಲ ಹೇಳಿ ಪ್ರಯೋಜನವಿಲ್ಲ, ನೀವು ಗಳವನ್ನೇ ನಂಬಿ. ಗೋಡೆಗೆ ಒರಗಿಸಿಟ್ಟ ಸೌದೆ, ತೆಂಗಿನ ಸಿಪ್ಪೆ, ಕಿಟಕಿಗೆ ತಾಗಿ ಬೆಳೆದ ಬಳ್ಳಿ ಇವನ್ನು ಸ್ವಲ್ಪ ದೂರ ಮಾಡಿ. ಒಳಗೆ ದೊಡ್ಡ ಅಪರಾಧಿ ರಟ್ಟಿನ ಡಬ್ಬ. ಟಿವಿ ಡಬ್ಬ, ಮಿಕ್ಸಿ ಡಬ್ಬ ಅಂತ ಸಜ್ಜಾ ಮೇಲೆ ಪೇರಿಸಿಟ್ಟಿದ್ದೀರಿ ಅಲ್ವಾ? ವಾರಂಟಿ ಮುಗಿದದ್ದನ್ನಾದರೂ ಗುಜರಿಗೆ ಹಾಕಿ. ಇಡಲೇಬೇಕಾದ ಸಾಮಾನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಕ್ಕೆ ಹೋಗಲಿ.

ಸ್ಪ್ರೇ ಹೊಡೆದರೆ ಮುಗೀತಲ್ಲ ಅನ್ನುವವರಿಗೆ. ನೇರ ಜೇಡದ ಮೈಮೇಲೆ ಬಿದ್ದರೆ ಸಾಯುತ್ತದೆ, ನಿಜ. ಆದರೆ ಗೋಡೆಗೆ ಹೊಡೆದಿಟ್ಟ ಔಷಧಿ ಜಿರಳೆಗೆ ಆದಷ್ಟು ಜೇಡಕ್ಕೆ ಆಗುವುದಿಲ್ಲ. ಜಿರಳೆ ಹೊಟ್ಟೆ ಎಳೆದುಕೊಂಡು ಓಡಾಡಿ, ಆಮೇಲೆ ಮೀಸೆ, ಕಾಲು ನೆಕ್ಕಿಕೊಳ್ಳುತ್ತದೆ. ಜೇಡ ಕಾಲಿನ ತುದಿಯಲ್ಲಿ ನಿಂತು ನಡೆಯುತ್ತದೆ, ಬಲೆ ಕಟ್ಟುವ ಜಾತಿಯಂತೂ ಗೋಡೆಯನ್ನು ಮುಟ್ಟುವುದೇ ಅಪರೂಪ. ದುಡ್ಡು ಕೊಟ್ಟು ಮನೆಯೆಲ್ಲ ಹೊಡೆಸಿದ ಒಂದು ತಿಂಗಳಲ್ಲಿ ನಮ್ಮ ಮನೆಯಲ್ಲಿ ಬಲೆ ಮೊದಲಿನಂತೆಯೇ ಇತ್ತು. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ, ಬೆಕ್ಕು ಇದ್ದರೆ ಈ ಸ್ಪ್ರೇಗಳ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಮೀನಿಗೆ ಅದು ಕಡು ವಿಷ. ಲಿಂಬೆ ರಸ, ಲಿಂಬೆ ಎಣ್ಣೆ ಒರೆಸಿದರೆ ಜೇಡ ಓಡುತ್ತದೆ ಅನ್ನುವುದು ನಂಬುವಂಥದ್ದಲ್ಲ. ಪುದೀನ ಎಣ್ಣೆಯ ವಾಸನೆಗೆ ಕೆಲವು ಜಾತಿ ಸರಿಯುತ್ತವೆ, ಎಲ್ಲವೂ ಅಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಸದ್ದಿನ ಯಂತ್ರಕ್ಕೆ ದುಡ್ಡು ಸುರಿಯಬೇಡಿ.

ಬಚ್ಚಲಿನಲ್ಲಿ ರಾತ್ರಿ ಎದುರಾಗುವ ಅಂಗೈಯಗಲದ ಕಂದು ಜೇಡ ಬೇರೆ ಜಾತಿ. ಅದು ಬಲೆ ಕಟ್ಟುವುದಿಲ್ಲ, ಜಿರಳೆ ಬೇಟೆಗೆ ಬಂದಿರುತ್ತದೆ. ಹೊಟ್ಟೆಯಡಿ ಬಿಳಿ ಬಿಲ್ಲೆಯಂಥದ್ದು ಹೊತ್ತಿದ್ದರೆ ಅದು ಮೊಟ್ಟೆ, ಆಗ ಪೊರಕೆ ಬೀಸಲೇಬೇಡಿ, ಚೀಲ ಒಡೆದು ಮರಿಗಳು ಚೆಲ್ಲಾಪಿಲ್ಲಿಯಾದರೆ ಆಮೇಲೆ ನಿಮ್ಮ ಪಾಡು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಮೇಲಿನಿಂದ ನಿಧಾನಕ್ಕೆ ಮುಚ್ಚಿ, ಗೋಡೆ ಮತ್ತು ಡಬ್ಬದ ನಡುವೆ ದಪ್ಪ ಲಗ್ನಪತ್ರಿಕೆ ತೂರಿಸಿ, ಹೊರಗೆ ಗಿಡದ ಹತ್ತಿರ ಬಿಟ್ಟು ಬನ್ನಿ. ಲೋಟ ಸಾಲದು, ಕಾಲು ಸಿಕ್ಕಿ ಮುರಿಯುತ್ತದೆ. ಮಾರನೇ ದಿನ ಮಾಡಬೇಕಾದ್ದು ಜಿರಳೆಗೆ ಜೆಲ್ ಹಾಕುವುದು. ಕಚ್ಚಿದರೆ ನೋಯುತ್ತದೆ, ಸೋಪು ನೀರಲ್ಲಿ ತೊಳೆದು ತಣ್ಣನೆ ಬಟ್ಟೆ ಇಡಿ. ಊತ ಏರುತ್ತಿದ್ದರೆ, ಜ್ವರ ಬಂದರೆ, ಉಸಿರು ಕಟ್ಟಿದಂತಾದರೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಮಾತು ಹೇಳಲೇಬೇಕು. ಬೆಳಿಗ್ಗೆ ಏಳುವಾಗ ಕುತ್ತಿಗೆಯ ಮೇಲೆ ಉರಿಯುವ ಕೆಂಪು ಗೆರೆ ಕಂಡರೆ "ಜೇಡ ಹರಿದಿದೆ" ಅನ್ನುತ್ತಾರೆ. ಬಹಳ ಸಲ ಅದು ಜೇಡದ ಕೆಲಸ ಅಲ್ಲ. ಮಳೆಗಾಲದಲ್ಲಿ ಲೈಟಿಗೆ ಬರುವ ಒಂದು ದುಂಬಿ ಇದೆ, ನೋಡೋಕೆ ಉದ್ದ ಇರುವೆಯ ಹಾಗೆ, ಕಿತ್ತಳೆ ಮೈಗೆ ಕಪ್ಪು ತಲೆ, ಕಪ್ಪು ಬಾಲ. ಕಚ್ಚುವುದಿಲ್ಲ. ಮೈಮೇಲೆ ಕೂತಾಗ ನಾವು ಉಜ್ಜಿಬಿಡುತ್ತೇವೆ, ಅದರ ಮೈಯ ರಸ ತಾಗಿದ ಕಡೆ ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತದೆ. ಕೂತರೆ ಊದಿ ಹಾರಿಸಿ, ಉಜ್ಜಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ಮೈಯ ಒಂದೇ ಬದಿಗೆ ಪಟ್ಟಿಯಂತೆ ಗುಳ್ಳೆ ಎದ್ದು ನೋಯುತ್ತಿದ್ದರೆ ಸರ್ಪಸುತ್ತು ಇರಬಹುದು. ಅದಕ್ಕೆ ಮೂರು ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು, ಮಂತ್ರ ಹಾಕಿಸುತ್ತಾ ಕೂರಬೇಡಿ.

ನಮ್ಮ ಕ್ಯಾಮೆರಾ ಈಗ ತಣ್ಣಗಿದೆ. ಬಲ್ಬು ಹಳದಿಯಾಗಿದೆ, ಎರಡು ಮಾರು ದೂರ ಹೋಗಿದೆ. ಕಿಟಕಿ ಚೌಕಟ್ಟಿನ ಮೇಲೆ ನೆಗೆಯುವ ಪುಟ್ಟ ಜೇಡ ಒಂದು ಓಡಾಡಿಕೊಂಡಿದೆ, ಹತ್ತಿರ ಹೋದರೆ ತಿರುಗಿ ನಮ್ಮನ್ನೇ ನೋಡುತ್ತದೆ. ಬಲೆ ಇಲ್ಲ, ಗಲೀಜಿಲ್ಲ, ನೊಣ ಹಿಡಿಯುತ್ತದೆ, ಇರಲಿ ಅಂತ ಬಿಟ್ಟಿದ್ದೇನೆ. ಸ್ಕೂಟರಿನ ಕನ್ನಡಿ ಹಿಂದೆ ಸೇರಿಕೊಂಡಿರುವುದನ್ನು ಮಾತ್ರ ಎಬ್ಬಿಸೋಕೆ ಆಗಿಲ್ಲ. ದಿನಾ ಬೆಳಿಗ್ಗೆ ಕನ್ನಡಿಯಿಂದ ಹ್ಯಾಂಡಲಿಗೆ ಹೊಸ ದಾರ ಕಟ್ಟಿರುತ್ತದೆ, ಒರೆಸಿಕೊಂಡು ಆಫೀಸಿಗೆ ಹೋಗುತ್ತೇನೆ.